ಷಿಕಾಗೋದಿಂದ ಕ್ಯಾಲಿಫೋರ್ನಿಯಾಕ್ಕೆ ಎರಡು ರಾತ್ರಿ ರೈಲು: ಅಪ್ಪ ಅಮ್ಮನನ್ನು ಹತ್ತಿಸುವ ಮುಂಚೆ ಏನೇನು ಸಿದ್ಧ ಮಾಡಿಕೊಳ್ಳಬೇಕು?

ಹಾಸನದ_ಮಗಳು

ಎಲ್ಲರಿಗೂ ನಮಸ್ಕಾರ. ಅಪ್ಪ (68), ಅಮ್ಮ (63) ಬರುವ ಸೆಪ್ಟೆಂಬರಿನಲ್ಲಿ ಷಿಕಾಗೋದ ಚಿಕ್ಕಪ್ಪನ ಮನೆಯಿಂದ ಫ್ರೀಮಾಂಟಿಗೆ ನಮ್ಮಲ್ಲಿಗೆ ಬರುತ್ತಾರೆ. ವಿಮಾನ ಬೇಡ, ಬೆಟ್ಟ ನದಿ ನೋಡಿಕೊಂಡು ರೈಲಿನಲ್ಲೇ ಬರಬೇಕು ಅನ್ನುವುದು ಅಪ್ಪನ ಆಸೆ. ಅಮೆರಿಕದ ಪ್ರಯಾಣಿಕ ರೈಲು ಸಂಸ್ಥೆ ಆಮ್‌ಟ್ರಾಕ್‌ನ ಕ್ಯಾಲಿಫೋರ್ನಿಯಾ ಜೆಫರ್ ಎಂಬ ರೈಲು ಅಂತ ಗೊತ್ತಾಗಿದೆ, ಅಷ್ಟೇ. ಇಬ್ಬರೇ ಪ್ರಯಾಣ ಮಾಡುತ್ತಾರೆ, ನಾವ್ಯಾರೂ ಜೊತೆಯಲ್ಲಿ ಇರುವುದಿಲ್ಲ.

ಅಮ್ಮನಿಗೆ ಮಂಡಿನೋವು, ಮೇಲಿನ ಬರ್ತ್ ಹತ್ತಲಾರರು. ಅಪ್ಪನಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ತಲಾ ಎರಡು ದೊಡ್ಡ ಸೂಟ್‌ಕೇಸ್ ಇವೆ. ಯಾವ ಟಿಕೆಟ್ ತೆಗೆಯಲಿ, ಊಟಕ್ಕೆ ಏನು ಕಟ್ಟಿಕೊಡಿಸಲಿ, ಯಾವ ಕಾಗದ ಜೊತೆಯಲ್ಲಿರಬೇಕು? ಅವರ ವಾಪಸ್ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಇದೆ, ಅದಕ್ಕೂ ರೈಲಿಗೂ ನಡುವೆ ಎಷ್ಟು ದಿನ ಬಿಟ್ಟರೆ ಸುರಕ್ಷಿತ?

ಹಳಿಪುರಾಣ

ಮಗಳೇ, ಟಿಕೆಟ್‌ನಿಂದಲೇ ಶುರು ಮಾಡೋಣ, ಯಾಕೆಂದರೆ ಉಳಿದದ್ದೆಲ್ಲ ಕೋಣೆಯ ಮೇಲೆ ನಿಂತಿದೆ.

ನಮ್ಮ ಕಡೆಯ ಸ್ಲೀಪರ್ ಕ್ಲಾಸ್ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಇಲ್ಲಿ ಕೋಚ್ ಅಂದರೆ ಕುರ್ಚಿ ಮಾತ್ರ. ಬೆನ್ನು ಚೆನ್ನಾಗಿ ಹಿಂದಕ್ಕೆ ವಾಲುತ್ತದೆ, ಕಾಲು ಚಾಚಲು ಜಾಗ ಇದೆ, ಆದರೆ ಮಲಗುವ ಬರ್ತ್ ಇಲ್ಲ. ಬೆಂಗಳೂರಿನಿಂದ ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್ ಓಡುವುದು ಸುಮಾರು 2,400 ಕಿ.ಮೀ. ಈ ಜೆಫರ್ ಓಡುವುದು 2,438 ಮೈಲಿ, ಅಂದರೆ 3,900 ಕಿ.ಮೀ.ಗಿಂತ ಹೆಚ್ಚು. ಸಮಯಕ್ಕೆ ಸರಿಯಾಗಿ ಓಡಿದರೂ 52 ಗಂಟೆ. ಮಂಡಿನೋವಿನವರನ್ನು ಎರಡು ರಾತ್ರಿ ಕುರ್ಚಿಯಲ್ಲಿ ಕೂರಿಸಬೇಡಿ.

ಮಲಗುವ ಕೋಣೆಗಳಲ್ಲಿ ಚಿಕ್ಕದು ರೂಮೆಟ್. ಅಳತೆ 3 ಅಡಿ 6 ಅಂಗುಲ ಅಗಲ, 6 ಅಡಿ 6 ಅಂಗುಲ ಉದ್ದ. ಎದುರುಬದುರು ಎರಡು ಕುರ್ಚಿ. ರಾತ್ರಿ ಅವೆರಡನ್ನೂ ಎಳೆದು ಕೂಡಿಸಿದರೆ ಕೆಳಗಿನ ಹಾಸಿಗೆ ಆಗುತ್ತದೆ, ಇನ್ನೊಂದು ಹಾಸಿಗೆ ಮೇಲಿನಿಂದ ಇಳಿಯುತ್ತದೆ. ಮೇಲಿನದು 2 ಅಡಿ ಅಗಲ ಮಾತ್ರ. ಎದ್ದು ಕೂರಲು ಎತ್ತರ ಸಾಲದು, ಬೀಳದ ಹಾಗೆ ಪಟ್ಟಿಯ ಬಲೆ ಕೊಕ್ಕೆಗೆ ಸಿಕ್ಕಿಸಬೇಕು. ಒಳಗೆ ಶೌಚಾಲಯ ಇಲ್ಲ. ದೊಡ್ಡದಾದ ಬೆಡ್‌ರೂಮ್‌ನಲ್ಲಿ ಶೌಚಾಲಯ, ಸ್ನಾನದ ವ್ಯವಸ್ಥೆ ಒಳಗೇ ಇದೆ, ಕೆಳಗಿನ ಹಾಸಿಗೆಯೂ ಅಗಲ. ಆದರೆ ಬೆಡ್‌ರೂಮ್‌ಗಳೆಲ್ಲ ಇರುವುದು ಮಹಡಿಯಲ್ಲಿ.

ಹೌದು, ಈ ರೈಲು ಎರಡು ಅಂತಸ್ತಿನದು. ಪ್ಲಾಟ್‌ಫಾರ್ಮಿನಿಂದ ಕೆಳ ಅಂತಸ್ತಿಗೆ ಹತ್ತುವುದು, ಒಳಗಿನ ಮೆಟ್ಟಿಲಿನಿಂದ ಮೇಲಕ್ಕೆ. ಮೆಟ್ಟಿಲು ಕಿರಿದು, ತಿರುವು ಬೇರೆ, ಓಡುವ ಗಾಡಿಯಲ್ಲಿ ಎರಡೂ ಕೈಯಲ್ಲಿ ಹಿಡಿದುಕೊಂಡೇ ಹತ್ತಬೇಕು. ಒಂದು ಬೋಗಿಯಿಂದ ಇನ್ನೊಂದಕ್ಕೆ ಹೋಗುವ ದಾರಿಯೂ ಮಹಡಿಯಲ್ಲೇ ಇದೆ. ಡೈನಿಂಗ್ ಕಾರಿಗೆ ಹೋಗಬೇಕೆಂದರೆ ಕೆಳಗಿನವರು ಪ್ರತಿ ಸಲ ಹತ್ತಿ ಇಳಿಯಲೇಬೇಕು.

ನನ್ನ ಸಲಹೆ: ಕೆಳ ಅಂತಸ್ತಿನಲ್ಲಿ ರೂಮೆಟ್ ಕೇಳಿ. 11ರಿಂದ 14ರವರೆಗಿನ ಸಂಖ್ಯೆಗಳು ಕೆಳಗಿನವು. ಶೌಚಾಲಯಗಳು, ಸ್ನಾನದ ಕೋಣೆ, ಸಾಮಾನಿನ ಅಟ್ಟಣೆ ಎಲ್ಲ ಅಲ್ಲೇ ನಾಲ್ಕು ಹೆಜ್ಜೆಯಲ್ಲಿ ಸಿಗುತ್ತವೆ. ಓಲಾಟ ಕಡಿಮೆ, ಓಡಾಡುವವರೂ ಕಡಿಮೆ. ಕೈಗೆ ಕಾಸು ಹಿಡಿಸಿದರೆ ಎದುರುಬದುರಿನ ಎರಡು ರೂಮೆಟ್ ತೆಗೆಯಿರಿ. ಆಗ ಇಬ್ಬರೂ ಕೆಳಗಿನ ಹಾಸಿಗೆಯಲ್ಲೇ ಮಲಗಬಹುದು, ಮೇಲಿನದನ್ನು ತೆರೆಯುವುದೇ ಬೇಡ. ಕೆಳಗಿನ ಕೋಣೆಗಳು ಬೋಗಿಗೆ ನಾಲ್ಕೇ ಇರುವುದರಿಂದ ಬೇಗ ಖಾಲಿಯಾಗುತ್ತವೆ. ಬುಕಿಂಗ್ 11 ತಿಂಗಳ ಮುಂಚೆಯೇ ತೆರೆಯುತ್ತದೆ, ಕೋಣೆ ಕಡಿಮೆಯಾದಷ್ಟೂ ದರ ಏರುತ್ತದೆ. ಫೋನ್ ಮಾಡಿಯೇ ಬುಕ್ ಮಾಡಿ, ಕೆಳ ಅಂತಸ್ತು ಬೇಕೆಂದು ಬಾಯಿಬಿಟ್ಟು ಹೇಳಿ, ಟಿಕೆಟ್ ಬಂದ ಮೇಲೆ ಸಂಖ್ಯೆ ನೋಡಿ ಖಾತ್ರಿ ಮಾಡಿಕೊಳ್ಳಿ. ಅಪ್ಪನಿಗೆ 65 ದಾಟಿರುವುದರಿಂದ ಶೇ. 10 ಹಿರಿಯರ ರಿಯಾಯಿತಿ ಉಂಟು, ಆದರೆ ಅದು ಮೂಲ ರೈಲು ದರಕ್ಕೆ ಮಾತ್ರ, ಕೋಣೆಯ ಹಣಕ್ಕಲ್ಲ.

ಹೆಸರಿನ ವಿಷಯದಲ್ಲಿ ಒಂದು ಎಚ್ಚರ. ನಮ್ಮ ಕಡೆಯ ಹಿರಿಯರ ಪಾಸ್‌ಪೋರ್ಟಿನಲ್ಲಿ ಎಷ್ಟೋ ಸಲ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಹಾಗಿದ್ದರೆ ಅಮೆರಿಕದ ವೀಸಾದಲ್ಲಿ ಇರುವ ಒಂದೇ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ ಅನ್ನುವುದರ ಇಂಗ್ಲಿಷ್ ಚುಟುಕು) ಎಂದು ಅಚ್ಚಾಗಿರುತ್ತದೆ. ಟಿಕೆಟ್‌ನಲ್ಲೂ ವೀಸಾದಲ್ಲಿ ಇರುವ ಹಾಗೆಯೇ ಬರೆಯಿಸಿ. ಊರಿನ ಹೆಸರು, ಅಪ್ಪನ ಹೆಸರು ಅಂತ ಸೇರಿಸಿ ತುಂಬಿದರೆ ಪಾಸ್‌ಪೋರ್ಟಿಗೂ ಟಿಕೆಟ್‌ಗೂ ತಾಳೆ ಆಗುವುದಿಲ್ಲ.

ಕಾಗದ ಅಂದರೆ ಮೂಲ ಪಾಸ್‌ಪೋರ್ಟ್ ಮತ್ತು ಐ-94 ಅನ್ನುವ, ಅಮೆರಿಕಕ್ಕೆ ಬಂದಿಳಿದ ದಾಖಲೆಯ ಪ್ರಿಂಟ್. 18 ದಾಟಿದ ವಿದೇಶಿಯರು ಇವನ್ನು ಸದಾ ಮೈಮೇಲೆ ಇಟ್ಟುಕೊಂಡಿರಬೇಕು ಅನ್ನುವುದು ಇಲ್ಲಿಯ ಕಾನೂನು. ಮೊಬೈಲಿನ ಫೋಟೋ ಸಾಲದು. ರೂಮೆಟ್ ಬಾಗಿಲಿಗೆ ಒಳಗಿನಿಂದ ಚಿಲಕ ಇದೆ, ಹೊರಗಿನಿಂದ ಬೀಗ ಇಲ್ಲ. ಆದ್ದರಿಂದ ಕುತ್ತಿಗೆಗೆ ಹಾಕಿಕೊಳ್ಳುವ ಚೀಲದಲ್ಲಿ ಪಾಸ್‌ಪೋರ್ಟ್, ಹಣ, ಔಷಧಿಯ ಚೀಟಿ ಇರಲಿ. ಊಟಕ್ಕೆ ಎದ್ದಾಗಲೂ ಅದು ಜೊತೆಗೇ ಹೋಗಲಿ.

ಸೂಟ್‌ಕೇಸ್ ಚಿಂತೆ ಬೇಡ. ತಲಾ ಎರಡು ಚೆಕ್ಡ್ ಬ್ಯಾಗ್ ಉಚಿತ, ಒಂದೊಂದು 50 ಪೌಂಡ್. ವಿಮಾನದ 23 ಕಿಲೋ ಲೆಕ್ಕವೇ ಅದು, ಭಾರತದಿಂದ ತಂದ ಪೆಟ್ಟಿಗೆಗಳು ಹಾಗೇ ನಡೆಯುತ್ತವೆ. ರೈಲು ಹೊರಡುವ 45 ನಿಮಿಷ ಮುಂಚೆ ಕೌಂಟರಿಗೆ ಕೊಟ್ಟಿರಲೇಬೇಕು. ಒಂದೂವರೆ ಗಂಟೆ ಮುಂಚೆ ತಲುಪುವ ಹಾಗೆ ಹೊರಡಿಸಿ. ಕೋಣೆಯೊಳಕ್ಕೆ ಒಬ್ಬೊಬ್ಬರಿಗೆ ಒಂದು ಮೆತ್ತನೆಯ ಕೈಚೀಲ ಮಾತ್ರ ಹಿಡಿಸುತ್ತದೆ. ಗಟ್ಟಿ ಚೌಕಟ್ಟಿನ ಟ್ರಾಲಿ ಒಳಗಿಟ್ಟರೆ ಕಾಲಿಡಲು ಜಾಗ ಉಳಿಯುವುದಿಲ್ಲ.

ಷಿಕಾಗೋ ಯೂನಿಯನ್ ಸ್ಟೇಷನ್ನಿನಲ್ಲಿ ಸ್ಲೀಪರ್, ಅಂದರೆ ಮಲಗುವ ಕೋಣೆಯ ಟಿಕೆಟ್‌ನವರಿಗೆ ಮೆಟ್ರೊಪಾಲಿಟನ್ ಲೌಂಜ್ ಇದೆ, ಅದಕ್ಕೆ ಬೇರೆ ಹಣವಿಲ್ಲ. ಅಲ್ಲಿ ಕೂತು, ಅಮ್ಮನಿಗೆ ನಡೆಯಲು ಕಷ್ಟ ಎಂದು ಮೊದಲೇ ಹೇಳಿಡಲಿ. ಕೆಂಪು ಟೋಪಿಯ ರೆಡ್ ಕ್ಯಾಪ್ ಸಹಾಯಕರು ಗಾಡಿಯಲ್ಲಿ ಬೋಗಿಯ ಬಾಗಿಲವರೆಗೆ ಬಿಡುತ್ತಾರೆ. ಪ್ಲಾಟ್‌ಫಾರ್ಮ್ ಉದ್ದ, ನಡೆದು ಹೋದರೆ ಮಂಡಿಗೆ ಮೊದಲ ಪೆಟ್ಟು ಅಲ್ಲೇ.

ಬುತ್ತಿಗಂಟು

ಊಟದ ಬಗ್ಗೆ ನಾನು ಬರೆಯುತ್ತೇನೆ.

ಸ್ಲೀಪರ್ ಟಿಕೆಟ್‌ನಲ್ಲಿ ಊಟ ಸೇರಿಯೇ ಇದೆ. ಕೋಣೆಯಲ್ಲಿರುವ ಇಬ್ಬರಿಗೂ ಡೈನಿಂಗ್ ಕಾರಿನಲ್ಲಿ ತಿಂಡಿ, ಎರಡು ಹೊತ್ತಿನ ಊಟ. ನಾಲ್ಕು ಜನರ ಮೇಜಿಗೆ ಅಪರಿಚಿತರನ್ನೂ ಜೊತೆಗೆ ಕೂರಿಸುವುದು ಅಲ್ಲಿಯ ಪದ್ಧತಿ, ಅಮ್ಮನಿಗೆ ಮುಂಚೆಯೇ ತಿಳಿಸಿ. ಮೆಟ್ಟಿಲು ಬೇಡವೆಂದರೆ ಬೋಗಿಯ ಅಟೆಂಡೆಂಟ್‌ಗೆ ಹೇಳಿದರೆ ಊಟ ಕೋಣೆಗೇ ತಂದುಕೊಡುತ್ತಾರೆ. ಟಿಪ್ಸ್ ಕಡ್ಡಾಯವಲ್ಲ, ಕೊಡುವುದು ರೂಢಿ. ಒಂದು, ಐದು ಡಾಲರಿನ ಚಿಲ್ಲರೆ ನೋಟುಗಳು ಅಪ್ಪನ ಜೇಬಿನಲ್ಲಿರಲಿ.

ಇಲ್ಲಿ ವೆಜಿಟೇರಿಯನ್ ಅಂದರೆ ಮೊಟ್ಟೆ ಸೇರಿದ ಲೆಕ್ಕ. ಬೆಳಗಿನ ಮೆನುವಿನ ಬಹುಪಾಲು ಮೊಟ್ಟೆಯೇ. ಫ್ರೆಂಚ್ ಟೋಸ್ಟ್ ಎಂದರೆ ಬರೀ ಬ್ರೆಡ್ ಅಂದುಕೊಂಡು ಮೋಸಹೋಗುವವರು ಬಹಳ, ಅದನ್ನು ಅದ್ದುವುದೇ ಮೊಟ್ಟೆಯಲ್ಲಿ. ವೀಗನ್ ಎಂದು ಕೇಳಿದರೆ ಮೊಟ್ಟೆಯಿಂದ ತಪ್ಪಿಸಿಕೊಳ್ಳಬಹುದು. ಬುಕ್ ಮಾಡುವಾಗಲೇ ಫೋನಿನಲ್ಲಿ ಹೇಳಿ ದಾಖಲು ಮಾಡಿಸಿ. ‘ನೋ ಮೀಟ್, ನೋ ಫಿಶ್, ನೋ ಎಗ್, ಮಿಲ್ಕ್ ಓಕೆ’ ಅಂತ ಒಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ದೊಡ್ಡಕ್ಷರದಲ್ಲಿ ಬರೆದು ಕೊಡಿ. ತೋರಿಸಿದರೆ ಸಾಕು, ಉಚ್ಚಾರಣೆಯ ಗೊಂದಲವೇ ಇರುವುದಿಲ್ಲ.

ಹೀಗಿದ್ದರೂ ಒಂದು ಹೊತ್ತಿಗೆ ಸಾಲುವಷ್ಟು ಬುತ್ತಿಯನ್ನು ಪ್ರತಿ ದಿನದ ಲೆಕ್ಕಕ್ಕೆ ಕಟ್ಟಲೇಬೇಕು. ಸಿಬ್ಬಂದಿ ಹೊರಗಿನ ಊಟವನ್ನು ಬಿಸಿ ಮಾಡಿಕೊಡುವುದಿಲ್ಲ, ಅವರ ಫ್ರಿಜ್ಜಿನಲ್ಲಿ ಇಡುವುದೂ ಇಲ್ಲ. ತಂದದ್ದನ್ನು ಕೋಣೆಯಲ್ಲೇ ತಿನ್ನಬೇಕು, ಡೈನಿಂಗ್ ಕಾರಿಗೆ ಒಯ್ಯುವಂತಿಲ್ಲ. ಆದರೆ ಕೆಫೆ ಕೌಂಟರಿನಲ್ಲಿ ಬಿಸಿನೀರು ಕೇಳಿದರೆ ಸಿಗುತ್ತದೆ, ಮತ್ತು ಬಿಸಿನೀರೊಂದು ಸಿಕ್ಕರೆ ನಮ್ಮವರು ಬದುಕಿಕೊಳ್ಳುತ್ತಾರೆ. ಅರ್ಧ ಲೀಟರಿನ ಒಂದು ಒಳ್ಳೆಯ ಥರ್ಮಾಸ್ ಕೊಡಿ.

ಮೊದಲ ದಿನಕ್ಕೆ (ರೈಲು ಷಿಕಾಗೋ ಬಿಡುವುದು ಮಧ್ಯಾಹ್ನ 2ರ ಸುಮಾರಿಗೆ) ಪುಳಿಯೋಗರೆ ಅಥವಾ ಮೊಸರನ್ನ. ಮೊಸರನ್ನಕ್ಕೆ ಮೊಸರು ಸುರಿಯಬೇಡಿ. ಅನ್ನವನ್ನು ಮೆತ್ತಗೆ ಮಾಡಿ, ಬೆಚ್ಚಗಿರುವಾಗಲೇ ಚೆನ್ನಾಗಿ ನುರಿದು, ಒಂದು ಲೋಟ ಅನ್ನಕ್ಕೆ ಒಂದೂವರೆ ಲೋಟ ಕಾಯಿಸಿ ಆರಿಸಿದ ಹಾಲು, ಹೆಪ್ಪಿಗೆ ಒಂದೇ ಚಮಚ ಮೊಸರು. ತಿನ್ನುವ ಹೊತ್ತಿಗೆ ಹದವಾಗಿರುತ್ತದೆ, ಹುಳಿಯೇರುವುದಿಲ್ಲ. ಈರುಳ್ಳಿ, ಸೌತೆಕಾಯಿ ಹಾಕಬೇಡಿ, ನೀರೊಡೆದು ಬೇಗ ಕೆಡುತ್ತದೆ. ಯಾವ ಅನ್ನವೇ ಆಗಲಿ ಆ ರಾತ್ರಿಗೇ ಮುಗಿಯಬೇಕು. ಬೆಳಿಗ್ಗೆಗೆ ಉಳಿದರೆ ವಾಸನೆ ಸರಿಯಿದ್ದರೂ ಎಸೆಯಲಿ. ಬೆಂದ ಅನ್ನ ಹೊರಗಿದ್ದಾಗ ಬೆಳೆಯುವ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹೊಟ್ಟೆ ಕೆಟ್ಟರೆ ಓಡಲು ಎರಡು ಕೋಣೆಗೊಂದು ಶೌಚಾಲಯ ಅಲ್ಲಿ ಇರುವುದಿಲ್ಲ.

ಎರಡನೆಯ ದಿನಕ್ಕೆ ಗೊಜ್ಜವಲಕ್ಕಿ. ದಪ್ಪ ಅವಲಕ್ಕಿಯನ್ನು ತರಿತರಿಯಾಗಿ ಪುಡಿ ಮಾಡಿ, ಹುಣಿಸೆಯ ಬದಲು ಪುಳಿಯೋಗರೆ ಪುಡಿ, ಬೆಲ್ಲದ ಪುಡಿ, ಉಪ್ಪು, ಒಣಕೊಬ್ಬರಿ ಸೇರಿಸಿ, ಒಗ್ಗರಣೆ ಪೂರ್ತಿ ಆರಿದ ಮೇಲೆ ಕಲಸಿ ಡಬ್ಬಿಗೆ ತುಂಬಿ. ಅಪ್ಪನದಕ್ಕೆ ಬೆಲ್ಲ ಬಿಟ್ಟು ಬೇರೆ ಡಬ್ಬಿ. ತಿನ್ನುವಾಗ ಒಂದು ಬಟ್ಟಲಿಗೆ ಮುಕ್ಕಾಲು ಬಟ್ಟಲು ಬಿಸಿನೀರು ಸುರಿದು, ಮುಚ್ಚಿ ಹತ್ತು ನಿಮಿಷ ಬಿಟ್ಟರೆ ಅರಳಿಕೊಳ್ಳುತ್ತದೆ. ಇಂಡಿಯನ್ ಅಂಗಡಿಗಳಲ್ಲಿ ಬಿಸಿನೀರು ಹಾಕಿದರೆ ಸಿದ್ಧವಾಗುವ ಉಪ್ಪಿಟ್ಟು, ಅವಲಕ್ಕಿಯ ಪೊಟ್ಟಣಗಳೂ ಸಿಗುತ್ತವೆ, ಮೂರನೆಯ ದಿನಕ್ಕೆ ಅವು ಸಾಕು. ಜೊತೆಗೆ ಚಪಾತಿ, ಚಟ್ನಿಪುಡಿ, ಕೋಡುಬಳೆ, ಹುರಿಗಡಲೆ. ಚಪಾತಿಯನ್ನು ಬಿಸಿ ಬಿಸಿಯಾಗಿ ಡಬ್ಬಿಗೆ ಹಾಕಿದರೆ ಬೆವರಿ ಎರಡನೆಯ ದಿನಕ್ಕೆ ಬೂಷ್ಟು ಹಿಡಿಯುತ್ತದೆ, ಒಂದೊಂದಾಗಿ ಆರಿಸಿ ಕಟ್ಟಿಸಿ. ಉಪ್ಪಿನಕಾಯಿ ಸ್ಕ್ರೂ ಮುಚ್ಚಳದ ಚಿಕ್ಕ ಸೀಸೆಯಲ್ಲಿ, ಅದರ ಮೇಲೆ ಜಿಪ್ ಕವರು. ಬೆಟ್ಟ ಏರಿದಾಗ ಗಾಳಿಯ ಒತ್ತಡ ಇಳಿದು ಸಡಿಲ ಮುಚ್ಚಳದಿಂದ ಎಣ್ಣೆ ಹೊರಗೆ ಬರುತ್ತದೆ.

ಹಾಸನದ_ಮಗಳು

ಎಷ್ಟು ವಿವರವಾಗಿ ಬರೆದಿದ್ದೀರಿ, ಇಬ್ಬರಿಗೂ ತುಂಬ ಧನ್ಯವಾದ. ಎದುರುಬದುರು ಎರಡು ರೂಮೆಟ್ ನೋಡುತ್ತೇನೆ. ಇನ್ಸುಲಿನ್‌ಗೆ ರೈಲಿನಲ್ಲಿ ಫ್ರಿಜ್ ಇಲ್ಲ ಅಂದ ಮೇಲೆ ಏನು ಮಾಡೋದು? ಗಡಿಯಾರ ಬೇರೆ ದಾರಿಯಲ್ಲಿ ಎರಡು ಸಲ ಬದಲಾಗುತ್ತದಂತಲ್ಲ? ಶೌಚಾಲಯದಲ್ಲಿ ನೀರಿನ ವ್ಯವಸ್ಥೆಯ ಬಗ್ಗೆಯೂ ಅಮ್ಮ ಕೇಳುತ್ತಿದ್ದಾರೆ.

ಗುಳಿಗೆಡಬ್ಬಿ

ಬಳಕೆಯಲ್ಲಿರುವ ಪೆನ್ ಹೊರಗಿದ್ದರೆ ತೊಂದರೆ ಇಲ್ಲ. ಹೆಚ್ಚಿನ ಇನ್ಸುಲಿನ್‌ಗಳು 30 ಡಿಗ್ರಿಗಿಂತ ಕೆಳಗೆ ನಾಲ್ಕು ವಾರದವರೆಗೆ ತಡೆಯುತ್ತವೆ, ನಿಮ್ಮದರ ಅವಧಿ ಪೆಟ್ಟಿಗೆಯ ಒಳಗಿನ ಚೀಟಿಯಲ್ಲಿ ಇರುತ್ತದೆ, ಓದಿಕೊಳ್ಳಿ. ತೆರೆಯದ ಪೆನ್‌ಗಳನ್ನು ನೀರಿನಲ್ಲಿ ನೆನೆಸಿ ಬಳಸುವ ತಂಪು ಚೀಲದಲ್ಲಿ ಇಡಿ. ಅಟೆಂಡೆಂಟ್ ಐಸ್ ಕೊಡುತ್ತಾರೆ, ಆದರೆ ಐಸಿನ ಮೇಲೆ ನೇರವಾಗಿ ಇಡಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಇದ್ದರೂ ಕೆಲಸ ಮಾಡುವುದಿಲ್ಲ. ಟವೆಲ್ ಸುತ್ತಿ ಮೇಲೆ ಇಡಲಿ. ಕಿಟಕಿಯ ಅಂಚು ಬೇಡವೇ ಬೇಡ, ನೆವಾಡಾದ ಬಿಸಿಲು ಗಾಜಿನೊಳಗೂ ಸುಡುತ್ತದೆ. ಔಷಧಿ ಒಂದೂ ಚೆಕ್ಡ್ ಬ್ಯಾಗಿಗೆ ಹೋಗಬಾರದು, ದಾರಿಯಲ್ಲಿ ಅದನ್ನು ತೆರೆಯಲು ಬಿಡುವುದಿಲ್ಲ. ನಾಲ್ಕು ದಿನಕ್ಕೆ ಆಗುವಷ್ಟು ಕೈಚೀಲದಲ್ಲಿರಲಿ. ಬಳಸಿದ ಸೂಜಿಗೆ ಗಟ್ಟಿ ಪ್ಲಾಸ್ಟಿಕ್ ಬಾಟಲಿ.

ಗಡಿಯಾರ ಎರಡು ಸಲ ಒಂದೊಂದು ಗಂಟೆ ಹಿಂದಕ್ಕೆ ಹೋಗುತ್ತದೆ. ನೆಬ್ರಾಸ್ಕಾ ದಾಟುವಾಗ ಮೊದಲ ರಾತ್ರಿ, ಯೂಟಾದಿಂದ ನೆವಾಡಾಕ್ಕೆ ಹೋಗುವಾಗ ಎರಡನೆಯ ರಾತ್ರಿ. ಮೊಬೈಲ್ ತಾನೇ ಬದಲಾಗುತ್ತದೆ, ಅದನ್ನು ನಂಬಿ ಗುಳಿಗೆ ನುಂಗಿದರೆ ಲೆಕ್ಕ ತಪ್ಪುತ್ತದೆ. ಅಪ್ಪನ ಕೈಗಡಿಯಾರ ಷಿಕಾಗೋ ಸಮಯದಲ್ಲೇ ಇರಲಿ, ದಿನಕ್ಕೊಮ್ಮೆಯ ಔಷಧಿ ಅದರ ಪ್ರಕಾರ. ಇಳಿದ ಮೇಲೆ ಹೇಗೆ ಸರಿಹೊಂದಿಸಬೇಕು ಅನ್ನುವುದನ್ನು ಅವರ ಡಾಕ್ಟರನ್ನೇ ಕೇಳಿ. ಊಟದ ಮುಂಚಿನ ಇನ್ಸುಲಿನ್ ಇದ್ದರೆ ಗಡಿಯಾರ ನೋಡಲೇಬಾರದು, ತಟ್ಟೆ ಮುಂದೆ ಬಂದ ಮೇಲೆಯೇ ಚುಚ್ಚಿಕೊಳ್ಳಬೇಕು. ರಾತ್ರಿಯೂಟಕ್ಕೆ ಸರದಿ ಹಂಚುತ್ತಾರೆ, ಎಂಟು ಗಂಟೆಯ ಸರದಿ ಅಂದದ್ದು ಎಂಟೂವರೆ ಆಗಬಹುದು. ಸಿಬ್ಬಂದಿ ಸಮಯ ಬರೆದುಕೊಳ್ಳಲು ಬಂದಾಗ ‘ಡಯಾಬಿಟಿಕ್’ ಎಂದು ಹೇಳಿ ಮೊದಲ ಸರದಿಯನ್ನೇ ಕೇಳಲಿ. ದಿಂಬಿನ ಪಕ್ಕ ಗ್ಲೂಕೋಸ್ ಮಾತ್ರೆ, ಒಂದು ಚಿಕ್ಕ ಜ್ಯೂಸ್ ಪೊಟ್ಟಣ ರಾತ್ರಿಯಿಡೀ ಇರಬೇಕು.

ನೀರು: ಕಾಗದ ಮಾತ್ರ, ಜೆಟ್ ಇಲ್ಲ. ಒತ್ತಿದರೆ ಚಿಮ್ಮುವ ಕೈ ಬಾಟಲಿ ಇಲ್ಲಿಯ ಅಂಗಡಿಗಳಲ್ಲಿ ಸಿಗುತ್ತದೆ, ಅದನ್ನು ಕೊಡಿ. ಕಮೋಡ್ ನಿರ್ವಾತದಿಂದ ಎಳೆಯುವಂಥದ್ದು. ಒದ್ದೆ ವೈಪ್ಸ್ ಅದರೊಳಗೆ ಹಾಕಿದರೆ ಕಟ್ಟಿಕೊಂಡು ಬೋಗಿಯ ಉಳಿದ ಶೌಚಾಲಯಗಳೂ ನಿಂತುಹೋಗಬಹುದು. ಅಮ್ಮನಿಗೆ ಇದೊಂದನ್ನು ಒತ್ತಿ ಹೇಳಿ.

ಇನ್ನೊಂದು. ಡೆನ್ವರ್ ಬಿಟ್ಟ ಮೇಲೆ ಮಾಫಟ್ ಸುರಂಗದಲ್ಲಿ ರೈಲು 9,200 ಅಡಿ ಎತ್ತರ ಮುಟ್ಟುತ್ತದೆ. ತಲೆ ಭಾರವಾಗುವುದು, ಬಾಯಿ ಒಣಗುವುದು ಆಗಬಹುದು. ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುತ್ತಿರಲಿ. ಹೃದಯ, ಶ್ವಾಸಕೋಶದ ತೊಂದರೆ ಇದ್ದರೆ ಟಿಕೆಟ್‌ಗಿಂತ ಮುಂಚೆ ಡಾಕ್ಟರ್.

ಸಿಗ್ನಲ್_ಕಂಬ

ವಾಪಸ್ ವಿಮಾನದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ನನ್ನ ಪ್ರಕಾರ ಅದೇ ಮುಖ್ಯ. ರೈಲು ತಲುಪಬೇಕಾದ ದಿನವನ್ನೂ ಮರುದಿನವನ್ನೂ ಪೂರ್ತಿ ಖಾಲಿ ಬಿಡಿ.

ಕಾರಣ ಹೀಗಿದೆ. ಈ ಹಳಿಗಳು ಆಮ್‌ಟ್ರಾಕ್‌ನದಲ್ಲ. ಡೆನ್ವರ್‌ವರೆಗೆ ಬಿಎನ್‌ಎಸ್‌ಎಫ್, ಅಲ್ಲಿಂದ ಮುಂದೆ ಯೂನಿಯನ್ ಪೆಸಿಫಿಕ್, ಎರಡೂ ಸರಕು ಸಾಗಿಸುವ ಕಂಪನಿಗಳು. ಪ್ರಯಾಣಿಕರ ರೈಲಿಗೆ ಮೊದಲು ದಾರಿ ಕೊಡಬೇಕೆಂದು ಕಾನೂನು ಇದೆ. ಆದರೆ ಒಂದೇ ಹಳಿಯ ದಾರಿಯಲ್ಲಿ ಎದುರು ಬರುವ ಗೂಡ್ಸ್ ಗಾಡಿ ಪಕ್ಕದ ಲೂಪ್ ಲೈನಿಗಿಂತ ಉದ್ದವಾಗಿದ್ದರೆ ಅದನ್ನು ಬದಿಗೆ ಸರಿಸಲು ಆಗುವುದೇ ಇಲ್ಲ, ಬದಿಗೆ ನಿಲ್ಲುವುದು ನಮ್ಮ ರೈಲು. ಹೀಗೆ ತಡವಾದ ಮೇಲೆ ಇನ್ನೊಂದು ಪೆಟ್ಟು ಇದೆ: ಚಾಲಕ ಸಿಬ್ಬಂದಿ 12 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ಆ ಹೊತ್ತು ತುಂಬಿದರೆ ರೈಲು ಇದ್ದಲ್ಲೇ ನಿಲ್ಲುತ್ತದೆ, ಬದಲಿ ಸಿಬ್ಬಂದಿ ರಸ್ತೆಯಲ್ಲಿ ಬಂದು ಹತ್ತಬೇಕು. ಎರಡು ಗಂಟೆಯ ತಡ ಐದಾಗುವುದು ಹೀಗೆ. ಅಪ್ಪ ಅಮ್ಮನಿಗೆ ಇದನ್ನು ಮುಂಚೆಯೇ ಹೇಳಿಟ್ಟರೆ ಬಯಲಿನ ನಡುವೆ ನಿಂತಾಗ ಗಾಬರಿಯಾಗುವುದಿಲ್ಲ.

ರೈಲಿನಲ್ಲಿ ವೈಫೈ ನೆಚ್ಚಿಕೊಳ್ಳಬೇಡಿ, ಕೊಲೊರಾಡೋ ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ಲೂ ಗಂಟೆಗಟ್ಟಲೆ ಇರುವುದಿಲ್ಲ. ಫೋನ್ ಹೋಗಲಿಲ್ಲವೆಂದು ನೀವು ಹೆದರಬೇಡಿ, ಆಮ್‌ಟ್ರಾಕ್ ಆ್ಯಪಿನಲ್ಲಿ ರೈಲಿನ ಸಂಖ್ಯೆ 5 ಹಾಕಿ ಎಲ್ಲಿದೆ ಎಂದು ನೋಡುತ್ತಿರಿ. ಕೋಣೆಗೆ ಒಂದೇ ಪ್ಲಗ್, 120 ವೋಲ್ಟ್, ನಮ್ಮ ದುಂಡು ಪಿನ್ ಕೂರುವುದಿಲ್ಲ. ಇಲ್ಲಿಯದೇ ಒಂದು ಚಿಕ್ಕ ಎಕ್ಸ್‌ಟೆನ್ಷನ್ ಕೊಡಿ. ಊರಿನ ಬಿಸಿನೀರಿನ ಕೆಟಲ್ ಚೀಲದಲ್ಲಿದ್ದರೆ ತೆಗೆದಿಡಿ.

ನಿಲ್ದಾಣಗಳಲ್ಲಿ ಇಳಿದು ಕಾಲಾಡಿಸುವ ಆಸೆ ಅಪ್ಪನಿಗೆ ಇರುತ್ತದೆ. ಇಳಿಯಬಹುದೆಂದು ಕಂಡಕ್ಟರ್ ಹೇಳಿದ ಕಡೆ ಮಾತ್ರ ಇಳಿಯಲಿ, ಬೋಗಿಯ ಬಾಗಿಲು ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರಲಿ. ರೈಲು ತಡವಾಗಿದ್ದರೆ ನಿಲ್ಲುವ ಸಮಯವನ್ನೇ ಕಡಿತ ಮಾಡುತ್ತಾರೆ. ವೇಳಾಪಟ್ಟಿಯಲ್ಲಿ ಡೆನ್ವರ್‌ಗೆ ಮುಕ್ಕಾಲು ಗಂಟೆ ಇದೆ ಎಂದು ಅಂಗಡಿ ಹುಡುಕಿ ಹೋಗುವುದು ಬೇಡ.

ಕೊನೆಯ ನಿಲ್ದಾಣ ಎಮರಿವಿಲ್. ಅಲ್ಲಿಂದ ಫ್ರೀಮಾಂಟಿಗೆ ಕ್ಯಾಪಿಟಲ್ ಕಾರಿಡಾರ್ ರೈಲು ಇದೆ, ಆದರೆ ಅದರಲ್ಲಿ ಚೆಕ್ಡ್ ಬ್ಯಾಗ್ ಇಲ್ಲ, ನಾಲ್ಕು ಪೆಟ್ಟಿಗೆ ಅವರೇ ಎಳೆಯಬೇಕು. ನೀವು ಕಾರಿನಲ್ಲೇ ಹೋಗಿ. ಸ್ಯಾಕ್ರಮೆಂಟೊ ಬಿಟ್ಟದ್ದನ್ನು ಆ್ಯಪಿನಲ್ಲಿ ನೋಡಿಕೊಂಡು ಹೊರಟರೆ ಸರಿಹೋಗುತ್ತದೆ.

ಹಾಸನದ_ಮಗಳು

ಎಲ್ಲ ಬರೆದುಕೊಂಡೆ. ವಿಮಾನ ಇರುವುದು ಎರಡು ವಾರದ ನಂತರ, ಆ ಚಿಂತೆ ಕಳೆಯಿತು. ಕೊನೆಯ ಪ್ರಶ್ನೆ: ಕೆಳಗಿನ ಕೋಣೆ ಅಂದರೆ ಅಪ್ಪ ನೋಡಬೇಕೆಂದಿರುವ ಬೆಟ್ಟ ಕಾಣುತ್ತದೆಯೇ?

ಹಳಿಪುರಾಣ

ಕಾಣುತ್ತದೆ, ಒಂದೇ ಬದಿ. ಪೂರ್ತಿ ನೋಡಲು ಮೇಲಿನ ಸೈಟ್‌ಸೀಯರ್ ಲೌಂಜ್ ಇದೆ, ಕಿಟಕಿ ಸೂರಿನವರೆಗೆ ಬಾಗಿರುತ್ತದೆ. ಅಲ್ಲಿ ಸೀಟು ಕಾದಿರಿಸುವಂತಿಲ್ಲ, ಡೆನ್ವರ್‌ನಲ್ಲಿ ಜನ ತುಂಬುತ್ತಾರೆ. ಅಪ್ಪ ತಿಂಡಿ ಬೇಗ ಮುಗಿಸಿ, ರೈಲು ಡೆನ್ವರ್ ಬಿಡುವ ಮುಂಚೆಯೇ ಹೋಗಿ ಕೂರಲಿ. ಬಿಟ್ಟ ಮೇಲೆ ಇಪ್ಪತ್ತಕ್ಕೂ ಹೆಚ್ಚು ಚಿಕ್ಕ ಸುರಂಗಗಳು, ಆಮೇಲೆ 1928ರಲ್ಲಿ ತೆರೆದ 6.2 ಮೈಲಿಯ ಮಾಫಟ್ ಸುರಂಗ. ಅದರೊಳಗೆ ಹತ್ತು ನಿಮಿಷ ಬೋಗಿಯಿಂದ ಬೋಗಿಗೆ ಓಡಾಡಬಾರದು, ಬಾಗಿಲು ತೆರೆದರೆ ಡೀಸೆಲ್ ಹೊಗೆ ಒಳಗೆ ಬರುತ್ತದೆ. ಗ್ಲೆನ್‌ವುಡ್ ಕಣಿವೆಯಲ್ಲಿ ಕೊಲೊರಾಡೋ ನದಿ ಬಲಗಡೆ. ಮೂರನೆಯ ದಿನ ರೀನೋ ದಾಟಿ ಸಿಯಾರಾ ಏರಿದಾಗ ಡಾನರ್ ಸರೋವರವೂ ಬಲಗಡೆಯೇ, ಕೆಳಗೆ ಆಳದಲ್ಲಿ. ಆ ಒಂದು ಹೊತ್ತಿಗೆ ಅಮ್ಮನನ್ನೂ ಕೈಹಿಡಿದು ನಿಧಾನಕ್ಕೆ ಮೇಲಕ್ಕೆ ಕರೆದುಕೊಂಡು ಹೋಗಲಿ, ರೈಲು ಅದಕ್ಕೂ ಮುಂಚಿನ ಟ್ರಕ್ಕಿ ನಿಲ್ದಾಣದಲ್ಲಿ ನಿಂತಿರುವಾಗಲೇ ಮೆಟ್ಟಿಲು ಹತ್ತಿಬಿಟ್ಟರೆ ಓಲಾಟವಿರುವುದಿಲ್ಲ.